ಮುಖ ಕಾಣದ ಒಂದು ಪೇಂಟಿಂಗ್, ಒಂದು ಕೊಡಗಿನ ಮಳೆಗಾಲದ ನಂತರ

ಹೋದ ಜನವರಿಯಲ್ಲಿ ಪೊನ್ನಂಪೇಟೆ ಕಡೆಯ ಒಬ್ಬ ಕಲಾವಿದೆಯ ಮನೆಗೇ ಹೋಗಿ ಒಂದು ಎಣ್ಣೆಬಣ್ಣದ ಚಿತ್ರ ಕೊಂಡೆ. ಎರಡಡಿ ಅಗಲ, ಮೂರಡಿ ಎತ್ತರ, 28 ಸಾವಿರ ರೂಪಾಯಿ. ಆಗಲೇ ಬರೆಯಲಿಲ್ಲ, ಯಾಕಂದ್ರೆ ನಮ್ಮಲ್ಲಿ ಗೋಡೆಗೆ ಏನೇ ತೂಗುಹಾಕಿದರೂ ಜೋರು ಮಳೆಯ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ದಾಟಿದ ಮೇಲೇ ಅದರ ಹಣೆಬರಹ ಗೊತ್ತಾಗುವುದು.

ಕೊಡಗಿನ ಚಿತ್ರ ಅಂತ ಅಂಗಡಿಗಳಲ್ಲಿ ಸಿಗುವುದು ಮಂಜು, ಅಬ್ಬಿ ಫಾಲ್ಸ್, ಇಲ್ಲಾ ಸೊಂಟಕ್ಕೆ ಪೀಚೆಕತ್ತಿ (ಕೊಡವರ ಕಿರುಗತ್ತಿ) ಸಿಕ್ಕಿಸಿಕೊಂಡು ನೆಟ್ಟಗೆ ನಿಂತ ಗಂಡಸು. ಈ ಕಲಾವಿದೆಯ ಚಿತ್ರಗಳ ಜನ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ. ನನ್ನದರಲ್ಲಿ ವಯಸ್ಸಾದ ಹೆಂಗಸೊಬ್ಬರು ಕಣದಲ್ಲಿ ಕಾಫಿ ಹರವುತ್ತಿದ್ದಾರೆ, ಬೆನ್ನು ನಮ್ಮ ಕಡೆ. ಮುಖ ಕಾಣುವುದಿಲ್ಲ. ಕಾಣುವುದು ಕೊಡವರ ರೀತಿಯಲ್ಲಿ ಬೆನ್ನ ಕಡೆ ಸಿಕ್ಕಿಸಿದ ಸೀರೆಯ ನೆರಿಗೆ. ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತು ಅಂತ ಕಥೆ ಇದೆ ಅಲ್ವಾ, ಅದೇ ನೆರಿಗೆ. ಅಗಲ ಬ್ರಷ್ಷನ್ನು ಮೇಲಿಂದ ಕೆಳಕ್ಕೆ ನಾಲ್ಕು ಸಲ ಎಳೆದಿದ್ದಾರೆ, ಅಷ್ಟೇ. ಹತ್ತಿರ ಹೋದರೆ ಬೂದು ಮತ್ತು ಮಾಸಲು ಹಸಿರಿನ ಪಟ್ಟಿ. ಆರಡಿ ಹಿಂದೆ ಸರಿದರೆ ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ. ಎಡ ಹಿಮ್ಮಡಿ ಸ್ವಲ್ಪ ಎತ್ತಿದೆ, ಭಾರವೆಲ್ಲ ಬಲಗಾಲಿನ ಮೇಲೆ. ಮಂಡಿ ನೋವಿದ್ದಾಗ ನಮ್ಮ ಅವ್ವ ಹೀಗೇ ನಿಲ್ಲುತ್ತಿದ್ದರು. ಅಲ್ಲೇ ದುಡ್ಡು ಕೊಟ್ಟೆ.

ಯಾರ ಚಿತ್ರ ನೋಡಿ ಕಲಿತಿರಿ ಅಂತ ಕೇಳಿದ್ದಕ್ಕೆ ಅಮೃತಾ ಶೇರ್‌ಗಿಲ್ ಹೆಸರು ಹೇಳಿದರು. ಶೇರ್‌ಗಿಲ್ ಪ್ಯಾರಿಸ್‌ನಲ್ಲಿ ಕಲಿತವರು. ಅಜಂತಾ, ದಕ್ಷಿಣ ಭಾರತ ಸುತ್ತಿ ಬಂದು 1937ರಲ್ಲಿ 'ಬ್ರಹ್ಮಚಾರಿಗಳು' ಬಿಡಿಸಿದರು. ಅದರಲ್ಲಿ ಜನ ಸುಮ್ನೆ ಕೂತಿದ್ದಾರೆ, ಆದರೂ ಕಣ್ಣು ಕೀಳಲಾಗುವುದಿಲ್ಲ. ಇವರಲ್ಲೂ ಆ ಗುಣ ಇದೆ. ಆದರೆ ಹೆಗಲಿಂದ ಹಿಮ್ಮಡಿವರೆಗೆ ಒಂದೇ ಉಸಿರಿಗೆ ಇಳಿಯುವ ರೇಖೆ ನೋಡಿದಾಗ ನನಗೆ ನೆನಪಾದವರು ಚಿತ್ರಕಲಾವಿದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು. ಅವರು ಲಯ ತಿಳಿಯಲು ಕಥಕ್ ಕಲಿತವರು.

ಕೊಳ್ಳುವವರಲ್ಲಿ ಬೆಂಗಳೂರಿನವರು, ಹೋಂಸ್ಟೇಯವರು ಜಾಸ್ತಿಯಂತೆ. ವರ್ಷಕ್ಕೆ ಹತ್ತು ಹನ್ನೆರಡು ಚಿತ್ರ ಮಾತ್ರ ಮಾಡುತ್ತಾರೆ, ಪ್ರಿಂಟ್ ಮಾರುವುದಿಲ್ಲ, ಹಾಗಾಗಿ ನಿಮ್ಮಲ್ಲಿರುವುದು ಬೇರೆ ಯಾರ ಮನೆಯಲ್ಲೂ ಇರುವುದಿಲ್ಲ. ನಾಳೆ ಬೆಲೆ ಏರುತ್ತೆ ಅಂತ ಲೆಕ್ಕ ಹಾಕಿ ಕೊಳ್ಳುವುದು ನನಗೆ ಇಷ್ಟವಿಲ್ಲ. ದಿನಾ ನೋಡುತ್ತೀರಾದರೆ ಕೊಳ್ಳಿ.

ತೊಂದರೆ ಆಗಿದ್ದು ಫ್ರೇಮಿನಿಂದ. ಅದನ್ನು ಬೇರೆ ಅಂಗಡಿಯಲ್ಲಿ ಹಾಕಿಸಿದ್ದೆ. ಹಿಂದೆ ಪ್ಲೈವುಡ್ ಬಿಗಿಯಾಗಿ ಜಡಿದುಬಿಟ್ಟಿದ್ದರು, ಗಾಳಿಯಾಡದೆ ಜುಲೈ ಹೊತ್ತಿಗೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬಂತು. ಫೋನ್ ಮಾಡಿದ ಕೂಡಲೇ ಕಲಾವಿದೆ ಪ್ಲೈವುಡ್ ತೆಗೆಸಿದರು, ಒಣ ಬ್ರಷ್ಷಿನಲ್ಲಿ ಹೇಗೆ ಒರೆಸಬೇಕೆಂದು ಹೇಳಿದರು. ಮಳೆ ಹೊಡೆಯುವ ಹೊರಗೋಡೆ ಬೇಡ, ಒಳಗೋಡೆಗೆ ಹಾಕಿ, ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ ಅಂದರು. ಎಣ್ಣೆಬಣ್ಣ ಪೂರ್ತಿ ಒಣಗಲು ತಿಂಗಳುಗಳೇ ಬೇಕು, ಅದಕ್ಕೇ ಮಾರುವಾಗ ವಾರ್ನಿಶ್ ಹಚ್ಚಿರಲಿಲ್ಲ. ಅಕ್ಟೋಬರ್‌ನಲ್ಲಿ ಚಿತ್ರ ತರಿಸಿಕೊಂಡು ಹಚ್ಚಿಕೊಟ್ಟರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಹೋಗುವುದಾದರೆ ಮೊದಲೇ ಫೋನ್ ಮಾಡಿ. ಕಾಫಿ ಕುಯ್ಲಿನ ಸಮಯದಲ್ಲಿ ಮನೆಯಲ್ಲಿ ಸಿಗುವುದಿಲ್ಲ, ಸ್ಕೆಚ್ ಪುಸ್ತಕ ಹಿಡಿದು ಕಣದಲ್ಲೇ ಕೂತಿರುತ್ತಾರೆ.