ಏರ್‌ಕೂಲ್ಡ್ ಪೋರ್ಶೆ 911 ಹರಾಜಲ್ಲಿ ತಗೊಳ್ಳೋರೇ, ಕೆಳಗಿನ ವಾಲ್ವ್ ಕವರ್ ಬಿಚ್ಚಿಸದೆ ಬಿಡ್ ಹಾಕ್ಬೇಡಿ

ಅಮೆರಿಕದಲ್ಲಿ ಕೂತು ಆನ್‌ಲೈನ್ ಹರಾಜಲ್ಲಿ ಹಳೇ ಏರ್‌ಕೂಲ್ಡ್ (ನೀರಿಲ್ಲದೆ ಗಾಳಿಯಿಂದ ಎಂಜಿನ್ ತಣ್ಣಗಾಗೋ) ಪೋರ್ಶೆ ಮೇಲೆ ಕಣ್ಣಿಟ್ಟಿರೋ ಕನ್ನಡದವರು ಸಾಕಷ್ಟು ಜನ ಇದ್ದೀರಿ. ಇವತ್ತು ರಾತ್ರಿ ಬಿಡ್ ಒತ್ತೋದಿದ್ರೆ ಮೊದಲು ಇದನ್ನ ಓದಿ. ನಾಚಿಕೆ ಆಗ್ತಿದೆ, ಆದ್ರೂ ಬರೀತಿದ್ದೀನಿ.

ಗಾಡಿ 1983ರ 911 ಎಸ್‌ಸಿ, 3.0 ಲೀಟರ್. ಮಾರಿದವನು ಟೆಕ್ಸಸ್‌ನ ಡೀಲರ್. 61,500 ಡಾಲರ್‌ಗೆ ನಿಂತಿತು, ಅದರ ಮೇಲೆ 5% ಕಮಿಷನ್ 3,075. ಟ್ರಕ್ ಬಾಡಿಗೆ, ತೆರಿಗೆ ಬೇರೆ. ಕ್ಯಾಲಿಫೋರ್ನಿಯಾಗೆ ಬಂದ ಒಂಬತ್ತನೇ ದಿನ ಮೆಕ್ಯಾನಿಕ್ ಎಡಗಡೆಯ ಕೆಳಗಿನ ವಾಲ್ವ್ ಕವರ್ (ಎಂಜಿನ್ನಿನ ವಾಲ್ವ್ ಮೇಲಿನ ಮುಚ್ಚಳ) ಬಿಚ್ಚಿದ. ಎಣ್ಣೆ ಜೊತೆ ಟ್ರೇಗೆ ಠಣ್ ಅಂತ ಒಂದು ನಟ್ ಬಿತ್ತು. ನಟ್ ಒಳಗೆ ಸ್ಟಡ್ಡಿನ (ಸಿಲಿಂಡರ್ ಮೇಲಿನ ಹೆಡ್ಡನ್ನ ಬಿಗಿದು ಹಿಡಿಯೋ ಉದ್ದ ಸರಳು) ಮುರಿದ ತುಂಡು ಹಾಗೇ ಕೂತಿತ್ತು. ಬಲಗಡೆ ಬಿಚ್ಚಿದ್ರೆ ಅಲ್ಲೂ ಒಂದು.

ಈ ಎಂಜಿನ್ ಗೊತ್ತಿರೋರಿಗೆ ಇದೇನು ಹೊಸ ಸುದ್ದಿ ಅಲ್ಲ, ನನಗೂ ಹೊಸದಲ್ಲ. ಅದೇ ಸಂಕಟ. ಆರು ಸಿಲಿಂಡರ್, ಒಂದೊಂದಕ್ಕೂ ನಾಲ್ಕು ಹೆಡ್ ಸ್ಟಡ್, ಒಟ್ಟು 24. ಎಸ್‌ಸಿಯಲ್ಲಿ ಮೇಲಿನ 12 ಸಾದಾ ಸ್ಟೀಲ್, ಕೆಳಗಿನ 12 ಡಿಲಾವರ್. ಅಲ್ಯೂಮಿನಿಯಂ ಬಿಸಿಯಾದಾಗ ಹಿಗ್ಗೋ ಅಳತೆಗೆ ಹತ್ತಿರವಾಗಿ ಹಿಗ್ಗಲಿ ಅಂತ ಆ ಮಿಶ್ರಲೋಹ ಹಾಕಿದ್ದು. ಆದ್ರೆ ಕೆಳಗಿನ ಸಾಲಿಗೆ ರಸ್ತೆಯ ನೀರು, ಎಕ್ಸಾಸ್ಟಿನ ಕಾವು ಎರಡೂ ತಾಗುತ್ತೆ. ಮೇಲ್ಮೈಯಲ್ಲಿ ಸಣ್ಣ ಗುಳಿ ಬಿದ್ದು, ಅಲ್ಲಿಂದ ಬಿರುಕು ಬಿಟ್ಟು, ಒಂದಿನ ಗ್ಯಾರೇಜಲ್ಲಿ ನಿಂತಲ್ಲೇ ಪಟ್ ಅನ್ನುತ್ತೆ. 1984ರಿಂದ 89ರ ಕರೆರಾ 3.2ಗೂ ಇದೇ ಕಾಟ.

"ಲೀಕ್‌ಡೌನ್ ಟೆಸ್ಟ್ ಆಗಿದೆ, ಎಲ್ಲಾ ಸಿಲಿಂಡರ್ 4ರಿಂದ 6%" ಅಂತ ಜಾಹೀರಾತಲ್ಲಿ ಚೀಟಿಯ ಫೋಟೋ ಇತ್ತು. ಲೀಕ್‌ಡೌನ್ ಅಂದ್ರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು. ಆ ಚೀಟಿ ಸುಳ್ಳಲ್ಲ. 24ರಲ್ಲಿ ಎರಡು ಮುರಿದ್ರೆ ಉಳಿದವು ಹೆಡ್ಡನ್ನ ಹಿಡ್ಕೊಂಡಿರ್ತವೆ, ಲೀಕ್‌ಡೌನ್ ಚೆನ್ನಾಗೇ ಬರುತ್ತೆ. ಸ್ಟಡ್ ವಿಷಯಕ್ಕೆ ಆ ಚೀಟಿ ಉಪಯೋಗಕ್ಕೆ ಬರಲ್ಲ ಅಷ್ಟೇ. ಮೇಲಾಗಿ ಎರಡು ವರ್ಷ ಹಳೇದು.

ಹರಾಜಿನ ಮೂರನೇ ದಿನವೇ ಡೀಲರನ್ನ ಕೇಳಿದ್ದೆ, ಕೆಳಗಿನ ಕವರ್ ಬಿಚ್ಚಿ ಫೋಟೋ ಹಾಕ್ತೀರಾ ಅಂತ. ಉತ್ತರ: "ಎಣ್ಣೆ ಸೋರದೆ ಒಣಗಿರೋ ಎಂಜಿನ್ನನ್ನ ಸುಮ್ಮನೆ ಕೆದಕಲ್ಲ ಸರ್. ಬೇಕಾದ್ರೆ ಕೋಲ್ಡ್ ಸ್ಟಾರ್ಟ್ (ತಣ್ಣಗಿರೋ ಎಂಜಿನ್ ಶುರು ಮಾಡೋ) ವಿಡಿಯೊ ಹಾಕ್ತೀನಿ." ಹಾಕಿದ. ಕೀ ತಿರುಗಿಸಿದ ತಕ್ಷಣ ಹಿಡೀತು, ಟಿಕ್ ಟಿಕ್ ಸದ್ದೂ ಇಲ್ಲ, ಹೊಗೆಯೂ ಇಲ್ಲ. ನಾನು ಹಿಗ್ಗಿದೆ.

ಹಿಗ್ಗೋ ಬದಲು ಮೀಟರ್ ನೋಡಬೇಕಿತ್ತು. ಸ್ಟಡ್ ಮುರಿದದ್ದು ಗೊತ್ತಾದ ಮೇಲೆ ಅದೇ ವಿಡಿಯೊ ಮತ್ತೆ ಹಾಕಿ ನೋಡ್ದೆ. ಎಣ್ಣೆ ತಾಪದ ಮುಳ್ಳು ಆಗಲೇ ತಳ ಬಿಟ್ಟು ಮೇಲಿತ್ತು! ಐಡಲಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡ್ತಿರುವಾಗ) ಆಯಿಲ್ ಪ್ರೆಶರ್ 2 ಬಾರ್ ಕೂಡ ಇರಲಿಲ್ಲ. ನಿಜವಾಗಿ ತಣ್ಣಗಿರೋ ಎಸ್‌ಸಿ ಐಡಲಲ್ಲಿ 4 ಬಾರ್ ಹತ್ತಿರ ತೋರಿಸುತ್ತೆ, ಬಿಸಿಯಾದ ಮೇಲೇ ಆ ಮಟ್ಟಕ್ಕೆ ಇಳಿಯೋದು. ಮೊದಲೇ ಓಡಿಸಿ ಬಿಸಿ ಮಾಡಿ, ಆಮೇಲೆ "ಕೋಲ್ಡ್ ಸ್ಟಾರ್ಟ್" ಅಂತ ಶೂಟ್ ಮಾಡಿದ್ದಾನೆ. ತಣ್ಣಗಿದ್ದಾಗ ಹೆಡ್ ಸಂದಿಯಿಂದ ಬರೋ ಟಿಕ್ ಸದ್ದು ಬಿಸಿಯಾದ ಮೇಲೆ ಅಡಗುತ್ತೆ, ಅದಕ್ಕೇ. ಪುರಾವೆ ಅವನೇ ಕೊಟ್ಟಿದ್ದ, ನನ್ನ ಕಣ್ಣ ಮುಂದೆ ದಿನಗಟ್ಟಲೆ ಇತ್ತು. ದಿನಗಟ್ಟಲೆ!

ಫೋನ್ ಮಾಡಿದ್ರೆ ಮೊದಲು ನಗು. "ಎಣ್ಣೆ ಸೋರದ ಏರ್‌ಕೂಲ್ಡ್ ಪೋರ್ಶೆ ಅಂದ್ರೆ ಒಳಗೆ ಎಣ್ಣೆ ಖಾಲಿ ಅಂತ ಅರ್ಥ." ಸೋರಿಕೆ ಅಲ್ಲ ಸ್ವಾಮಿ, ಸ್ಟಡ್ ಮುರಿದಿದೆ ಅಂದೆ. "ನನ್ನ ಕೈಯಿಂದ ಹೋದಾಗ ಚೆನ್ನಾಗಿತ್ತು, ಟ್ರಕ್ಕಲ್ಲಿ ಏನಾಯ್ತೋ." ಟ್ರಕ್ಕಲ್ಲಿ ಹೆಡ್ ಸ್ಟಡ್ ಮುರಿಯುತ್ತಾ? ವಿಡಿಯೊದ ಮುಳ್ಳಿನ ಚಿತ್ರ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಆಮೇಲೆ ಒಂದೇ ಸಾಲು: "ಇದ್ದದ್ದು ಇದ್ದ ಹಾಗೆ ಮಾರಾಟ. ಬಂದು ಪರೀಕ್ಷೆ ಮಾಡಿಸೋಕೆ ನಿಮಗೆ ಏಳು ದಿನ ಇತ್ತಲ್ಲ?" ಕವರ್ ಮುಟ್ಟಬಾರದು ಅಂದವನೂ ಇವನೇ, ಪರೀಕ್ಷೆ ಯಾಕೆ ಮಾಡಿಸಲಿಲ್ಲ ಅನ್ನೋನೂ ಇವನೇ. ಹರಾಜಿನವರು ಇಬ್ಬರಿಗೂ ನಮಸ್ಕಾರ ಹೇಳಿ ಪಕ್ಕಕ್ಕೆ ಸರಿದ್ರು.

ಎಂಜಿನ್ ಇಳಿಸದೆ ಈ ಕೆಲಸ ಆಗಲ್ಲ. ಹೆಡ್, ಸಿಲಿಂಡರ್ ಬಿಚ್ಚಬೇಕು. ಬಿಚ್ಚಿದ ಮೇಲೆ ವಾಲ್ವ್ ಗೈಡ್ ನೋಡದೆ ಮುಚ್ಚೋದು ಮೂರ್ಖತನ. ಕೇಸ್ ಒಳಗೆ ಉಳಿದ ತುಂಡನ್ನ ಕಾಯಿಸಿ ತೆಗೀಬೇಕು, ಒರಟಾಗಿ ಎಳೆದ್ರೆ ಥ್ರೆಡ್ ಹೋಗುತ್ತೆ. ನನಗೆ ಬಂದ ಅಂದಾಜು 16,800 ಡಾಲರ್.

ಇನ್ನೊಂದು, ಇದು ಪೂರ್ತಿ ನನ್ನದೇ ತಪ್ಪು. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಭಾಗ) ಜಾಗದಲ್ಲಿ ಬರೀ ಪೈಪ್ ಇತ್ತು, ಅಡಿಯ ಫೋಟೋದಲ್ಲಿ ಎದ್ದು ಕಾಣ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಹಳೇ ಪೆಟ್ರೋಲ್ ಕಾರುಗಳಲ್ಲಿ 1975ರವರೆಗಿನವಕ್ಕಷ್ಟೇ ಸ್ಮಾಗ್ (ಹೊಗೆ) ಪರೀಕ್ಷೆಯಿಂದ ವಿನಾಯಿತಿ. 83ರ ಗಾಡಿಯಲ್ಲಿ ಕನ್ವರ್ಟರ್ ಇಲ್ಲ ಅಂದ್ರೆ ನೋಟದಲ್ಲೇ ಫೇಲ್. ಹಳೇದು ಇದೆಯಾ ಅಂತ ಕೇಳಿದ್ದಕ್ಕೆ "ಇಲ್ಲಿ ಅದನ್ನ ಯಾರು ಕೇಳ್ತಾರೆ" ಅಂದ.

ನೀವು ಮಾಡಬೇಕಾದ್ದು: ಹರಾಜು ಶುರುವಾದ ದಿನವೇ ಆ ಊರಿನ ಏರ್‌ಕೂಲ್ಡ್ ಮೆಕ್ಯಾನಿಕ್ಕನ್ನ ಹಿಡೀರಿ, ಕೊನೇ ದಿನ ಯಾರೂ ಸಿಗಲ್ಲ. ಲಿಫ್ಟ್ ಮೇಲೆ ಎರಡೂ ಕೆಳಗಿನ ಕವರ್ ಬಿಚ್ಚಿಸಿ. ಒಂದೊಂದು ಕಡೆ ಆರು ಸ್ಟಡ್ ನಟ್ ಕಾಣ್ತವೆ. ಅಲನ್ ಕೀ ಇಟ್ಟು ಹಗುರಾಗಿ ಮುಟ್ಟಿದ್ರೆ ಸಾಕು, ಮುರಿದದ್ದು ಸುಮ್ಮನೆ ತಿರುಗುತ್ತೆ. ಹೊಸ ಗ್ಯಾಸ್ಕೆಟ್ಟಿನ ಖರ್ಚು ನಾನೇ ಕೊಡ್ತೀನಿ ಅನ್ನಿ. ಅದಕ್ಕೂ ಬೇಡ ಅಂದ್ರೆ ಎದ್ದು ಬನ್ನಿ. ಎಂಜಿನ್ ನಂಬರ್ ಫ್ಯಾನ್ ಪಕ್ಕದಲ್ಲೇ ಇರುತ್ತೆ, ಒರೆಸಿ ಫೋಟೋ ಕೇಳಿ. 83ರ ಅಮೆರಿಕನ್ ಗಾಡಿಯಾದ್ರೆ ನಂಬರಿನ ಶುರುವಲ್ಲಿ 64, ಅದಾದ ಮೇಲೆ ಡಿ ಅಕ್ಷರ ಇರಬೇಕು. ಓಡೋಮೀಟರಿನ ಪ್ಲಾಸ್ಟಿಕ್ ಗಿಯರ್ ಮುರಿಯೋದು ಇವುಗಳ ಹುಟ್ಟುಗುಣ, ಮೈಲಿ ಲೆಕ್ಕವನ್ನ ಹಳೇ ಬಿಲ್ಲಿನ ಜೊತೆ ತಾಳೆ ಹಾಕಿ.

ಅದೇ ಡೀಲರಿನ ಇನ್ನೊಂದು ಎಸ್‌ಸಿ ಈ ವಾರ ಹರಾಜಿಗೆ ಬಂದಿದೆ. ಕೋಲ್ಡ್ ಸ್ಟಾರ್ಟ್ ವಿಡಿಯೊ ಇದೆ. ಈ ಸಲ ಕ್ಯಾಮೆರಾ ಗಾಡಿ ಹಿಂದೆ ನಿಂತಿದೆ, ಮೀಟರ್ ಒಂದೂ ಕಾಣಲ್ಲ.