ದಿನಕ್ಕೆ ಮೂರು ತಾಸು ನೆಟ್: ಜಲನಗರದ ರೀಡಿಂಗ್ ರೂಮಿನ ವೈಫೈ ಹೇಗಿದೆ?

ವಿಜಯಪುರದ ಜಲನಗರದಲ್ಲಿರುವ ಒಂದು ರೀಡಿಂಗ್ ರೂಮಿಗೆ ನಾನು ಹೋಗಲು ಶುರು ಮಾಡಿ ಎಂಟು ತಿಂಗಳಾಯಿತು. ಹಗಲು ಕೆಲಸ, ಸಂಜೆ ಇಲಾಖಾ ಪರೀಕ್ಷೆಗೆ ಓದು. ತಿಂಗಳಿಗೆ 700 ರೂಪಾಯಿ ಕೊಟ್ಟರೆ ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಕುಡಿಯುವ ನೀರು, ಜೊತೆಗೆ ದಿನಕ್ಕೆ ಮೂರು ತಾಸು ವೈಫೈ. ಕುರ್ಚಿ, ನೀರು, ಫ್ಯಾನಿನ ಬಗ್ಗೆ ಹೇಳುವುದು ಜಾಸ್ತಿ ಏನೂ ಇಲ್ಲ, ಎಲ್ಲಾ ಚೆನ್ನಾಗಿದೆ. ಸೇರುವ ಮೊದಲು ಎಲ್ಲರೂ ಕೇಳುವುದು ಆ ಮೂರು ತಾಸಿನ ಬಗ್ಗೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನ ನನಗೂ ಸಿಟ್ಟು ಬಂದಿತ್ತು. ದುಡ್ಡು ಕೊಟ್ಟ ಮೇಲೆ ಯಾಕೆ ಅಳೆದು ಕೊಡಬೇಕು ಅಂತ. ಆದರೆ ಒಂದೇ ಲೈನ್ ಮೇಲೆ ಅರವತ್ತು ಜನ ಕೂತಿರುತ್ತಾರೆ, ಅದರಲ್ಲಿ ಹತ್ತು ಜನ ಇಡೀ ದಿನ ವಿಡಿಯೋ ಹಾಕಿ ಕೂತರೆ ಉಳಿದವರಿಗೆ ಒಂದು ಪಿಡಿಎಫ್ ಕೂಡ ಇಳಿಯುವುದಿಲ್ಲ. ಮಿತಿ ಇರುವುದರಿಂದಲೇ ಸಂಜೆ ಏಳಕ್ಕೂ ಇಲ್ಲಿ ನೆಟ್ ಓಡುತ್ತದೆ. ಬೇಕಾದ್ದನ್ನು ಇಳಿಸಿಕೊಳ್ಳುತ್ತೇನೆ, ಲಾಗೌಟ್ ಆಗುತ್ತೇನೆ, ಓದುತ್ತೇನೆ. ಮೂರು ತಾಸು ಪೂರ್ತಿ ಖರ್ಚಾದ ದಿನಗಳು ನನಗೆ ಕಡಿಮೆ.

ಈ ಅಭ್ಯಾಸ ನನಗೆ ಮನೆಯಿಂದಲೇ ಬಂದದ್ದು. 2002ರಲ್ಲಿ, ಊರಿಗೆ ಇನ್ನೂ ಬಿಜಾಪುರ ಅಂತ ಹೆಸರಿದ್ದಾಗ, ನಮ್ಮ ಮನೆಗೆ ಡಯಲ್ ಅಪ್ ಬಂತು, ಅಂದರೆ ಫೋನ್ ಲೈನಿನಲ್ಲೇ ನಂಬರ್ ಹಚ್ಚಿ ಸೇರುವ ಇಂಟರ್ನೆಟ್. ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್ಎನ್ಎಲ್ ಮೂಲಕ. ನಮ್ಮ ಮನೆ ತಲುಪಲು ಏಳು ವರ್ಷ ಬೇಕಾಯಿತು. ಮೋಡೆಮ್ ಮೇಲೆ 56 ಕೆ ಅಂತ ಬರೆದಿತ್ತು, ಅಂದರೆ ಸೆಕೆಂಡಿಗೆ 56 ಕಿಲೋಬಿಟ್, ಲೆಕ್ಕಕ್ಕೆ ಏಳು ಕಿಲೋಬೈಟ್; ನಿಜವಾಗಿ ಇಳಿಯುತ್ತಿದ್ದದ್ದು ಸೆಕೆಂಡಿಗೆ ನಾಲ್ಕೈದು ಕಿಲೋಬೈಟ್. ಎರಡು ಎಂಬಿಯ ಫೈಲಿಗೆ ಏಳೆಂಟು ನಿಮಿಷ ಕಾಯಬೇಕು, ಅಷ್ಟು ಹೊತ್ತೂ ಫೋನ್ ಎಂಗೇಜ್. ಒಂದು ಕಡೆ ತಾಸಿನ ಲೆಕ್ಕದ ಪ್ಯಾಕ್ ಕರಗುತ್ತಿತ್ತು, ಇನ್ನೊಂದು ಕಡೆ ಫೋನ್ ಬಿಲ್ ಏರುತ್ತಿತ್ತು. ಅದಕ್ಕೆ ಅಪ್ಪ ಫೋನಿನ ಪಕ್ಕ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದರು, ಪೆನ್ಸಿಲ್ಲಿಗೆ ದಾರ ಕಟ್ಟಿ. ಕನೆಕ್ಟ್ ಆದ ಹೊತ್ತು, ಬಿಟ್ಟ ಹೊತ್ತು, ಯಾರು. ನನಗೂ ಅಣ್ಣನಿಗೂ ದಿನಕ್ಕೆ ಅರ್ಧ ತಾಸು. ಅಮೆರಿಕದ ಎಒಎಲ್ ಕಂಪನಿ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್ ಅಪ್ ನಿಲ್ಲಿಸುತ್ತದೆ ಅನ್ನುವ ಸುದ್ದಿ ಓದಿದ ದಿನ ಆ ನೋಟ್‌ಬುಕ್ ಹುಡುಕಿ ತೆಗೆದೆ. "6.10 ರಿಂದ 6.38, ಸಣ್ಣಾಕಿ" ಅಂತ ಅಪ್ಪನ ಅಕ್ಷರ ಹಾಗೇ ಇದೆ.

ಅಪ್ಪ ನೋಟ್‌ಬುಕ್‌ನಲ್ಲಿ ಮಾಡಿದ್ದನ್ನೇ ಆಗ ಇಂಟರ್ನೆಟ್ ಕೊಡುವವರು ರೇಡಿಯಸ್ ಅನ್ನುವ ಸರ್ವರ್‌ನಲ್ಲಿ ಮಾಡುತ್ತಿದ್ದರು, ಈ ರೀಡಿಂಗ್ ರೂಮಿನವರು ಈಗಲೂ ಅದನ್ನೇ ಇಟ್ಟಿದ್ದಾರೆ. ನೀವು ಹೆಸರು, ಪಾಸ್‌ವರ್ಡ್ ಹಾಕಿದ ಕೂಡಲೇ ಅದು ಇವತ್ತು ನೀವು ಬಳಸಿದ್ದನ್ನು ಕೂಡಿಸಿ, ಇನ್ನು ಎಷ್ಟು ಸೆಕೆಂಡ್ ಉಳಿದಿದೆ ಅಂತ ರೌಟರಿಗೆ ಹೇಳುತ್ತದೆ. ಸೆಕೆಂಡ್ ಮುಗಿದರೆ ಕಟ್. ರಾತ್ರಿ 12ಕ್ಕೆ ಲೆಕ್ಕ ಹೊಸದು. ನಿನ್ನೆ ಉಳಿದದ್ದು ಇವತ್ತಿಗೆ ಸೇರುವುದಿಲ್ಲ.

ನನಗೆ ತೊಂದರೆ ಆಗಿದ್ದು ಮಳೆಗಾಲದಲ್ಲಿ. ಕರೆಂಟ್ ಹೋಗುತ್ತಿತ್ತು, ಲೈಟಿಗೆ ಇನ್ವರ್ಟರ್ ಇತ್ತು, ರೌಟರಿಗೆ ಇರಲಿಲ್ಲ. ರೌಟರ್ ಏಕಾಏಕಿ ಬಂದ್ ಆದರೆ "ಇವರು ಎದ್ದು ಹೋದರು" ಅಂತ ಸರ್ವರಿಗೆ ಹೇಳುವವರೇ ಇಲ್ಲ. ನಾನು ಇನ್ನೂ ಒಳಗೇ ಇದ್ದೇನೆ ಅಂತ ಅದು ಎಣಿಸುತ್ತಲೇ ಇತ್ತು. ಕರೆಂಟ್ ಬಂದ ಮೇಲೆ ಲಾಗಿನ್ ಮಾಡಿದರೆ "ಈ ಖಾತೆ ಈಗಾಗಲೇ ಬಳಕೆಯಲ್ಲಿದೆ". ಮೂರು ಸಲ ಹೀಗಾಯಿತು. ಅದರಲ್ಲಿ ಒಂದು ಸಲ ಅರ್ಜಿ ಹಾಕುವ ಕೊನೆ ದಿನ, ಕೈ ನಡುಗಿತ್ತು ನನಗೆ.

ನಡೆಸುವ ಹುಡುಗನಿಗೆ ಲಾಗಿನ್ ಪುಟದ ಫೋಟೋ ತೋರಿಸಿದೆ. ವಾದ ಮಾಡಲಿಲ್ಲ ಅವನು. "ಅಕ್ಕಾರ, ತಪ್ಪು ನಮ್ದೈತ್ರಿ, ಎರಡು ದಿನ ಟೈಮ್ ಕೊಡ್ರಿ" ಅಂದ. ಎರಡಲ್ಲ, ನಾಲ್ಕು ದಿನ ಹಿಡಿಯಿತು, ಆದರೆ ಕೆಲಸ ಸರಿಯಾಗಿ ಮಾಡಿದ. ರೌಟರನ್ನು ಇನ್ವರ್ಟರ್ ಮೇಲೆ ಹಾಕಿದ. ಐದು ನಿಮಿಷಕ್ಕೊಮ್ಮೆ ರೌಟರ್ ಸರ್ವರಿಗೆ ಲೆಕ್ಕ ಕಳಿಸುವ ಹಾಗೆ ಮಾಡಿದ, ಲೆಕ್ಕ ಬರುವುದು ನಿಂತರೆ ಕೊನೆಯ ಲೆಕ್ಕಕ್ಕೇ ಆ ಲಾಗಿನ್ ಮುಗಿಯುತ್ತದೆ. ಈಗ ಏನೇ ಆದರೂ ಐದು ನಿಮಿಷಕ್ಕಿಂತ ಜಾಸ್ತಿ ಹೆಚ್ಚುಕಡಿಮೆ ಆಗುವುದಿಲ್ಲ. ನಾನು ಕಳೆದುಕೊಂಡ ತಾಸುಗಳನ್ನೂ ಮರುದಿನಗಳಿಗೆ ಸೇರಿಸಿ ಕೊಟ್ಟ. ಇಷ್ಟು ಮನಸ್ಸಿಟ್ಟು ಕೇಳಿಸಿಕೊಳ್ಳುವವರು ಸಿಗುವುದು ಕಷ್ಟ ಅಲ್ವಾ?

ಸೇರುವವರಿಗೆ ಒಂದು ಮಾತು. ಹತ್ತು ನಿಮಿಷ ಸುಮ್ನೆ ಬಿಟ್ಟರೆ ತಾನೇ ಲಾಗೌಟ್ ಆಗುತ್ತದೆ ಅಂತ ಗೋಡೆ ಮೇಲೆ ಬರೆದಿದ್ದಾರೆ. ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಅದು ನಿಜ. ಫೋನಿಗೆ ಅದನ್ನು ನಂಬಬೇಡಿ. ಜೇಬಿನಲ್ಲಿದ್ದರೂ ವಾಟ್ಸಾಪ್, ಮೇಲ್, ಅಪ್‌ಡೇಟ್ ಅಂತ ಏನಾದರೊಂದು ಹೋಗಿ ಬಂದು ಮಾಡುತ್ತಲೇ ಇರುತ್ತದೆ, ರೌಟರಿನ ಕಣ್ಣಿಗೆ ನೀವು ಸುಮ್ನೆ ಇರುವುದೇ ಇಲ್ಲ. ಚಹಾ ಕುಡಿಯಲು ಹೊರಗೆ ನಿಂತರೂ, ವೈಫೈ ಅಲ್ಲಿಗೆ ಮುಟ್ಟುವುದರಿಂದ, ಟೈಮ್ ಓಡುತ್ತದೆ. ನನ್ನ ಪಕ್ಕದ ಕುರ್ಚಿಯ ಹುಡುಗಿ ತಿಂಗಳಿಡೀ ಹೀಗೇ ಕಳೆದುಕೊಂಡಿದ್ದಳು. ಆಟೋ ಕನೆಕ್ಟ್ ತೆಗೆಯಿರಿ, ಎದ್ದು ಹೋಗುವಾಗ ಲಾಗೌಟ್ ಒತ್ತಿ.

ಇನ್ನೂ ಒಂದು ಕೊರತೆ ಉಳಿದಿದೆ. ಉಳಿದ ಸಮಯ ಲಾಗಿನ್ ಪುಟದಲ್ಲಿ ಮಾತ್ರ ಕಾಣುತ್ತದೆ, ಮುಗಿಯುವ ಮುಂಚೆ ಎಚ್ಚರಿಕೆ ಬರುವುದಿಲ್ಲ. ಆನ್‌ಲೈನ್ ಮಾಕ್ ಟೆಸ್ಟ್ ಬರೆಯುತ್ತಿರುವಾಗ ಕಟ್ ಆದರೆ ಬರೆದದ್ದೆಲ್ಲ ಹೋಗುತ್ತದೆ. ಹತ್ತು ನಿಮಿಷ ಇರುವಾಗ ಒಂದು ಮೆಸೇಜ್ ಬರಲಿ ಅಂತ ಕೇಳಿದ್ದೇನೆ, ನೋಡ್ತೀನಿ ಅಂದಿದ್ದಾನೆ. ಅಲ್ಲಿಯವರೆಗೆ ಟೆಸ್ಟನ್ನು ದಿನದ ಮೊದಲ ತಾಸಿನಲ್ಲೇ ಮುಗಿಸಿಕೊಳ್ಳಿ.

ಇಡೀ ದಿನ ಆನ್‌ಲೈನ್ ಕ್ಲಾಸ್ ನೋಡುವವರಿಗೆ ಮೂರು ತಾಸು ಸಾಲದು, ಅವರು ಬೇರೆ ಕಡೆ ನೋಡುವುದೇ ಒಳ್ಳೆಯದು. ಪುಸ್ತಕ ಇಟ್ಟುಕೊಂಡು ಓದುವವರಿಗೆ ಧಾರಾಳ ಸಾಕು. ಮುಂದಿನ ಮೂರು ತಿಂಗಳ ಹಣ ನಾನು ನಿನ್ನೆಯೇ ಕಟ್ಟಿ ಬಂದೆ.