ಹಳೆಯ ಮಾದರಿ ಎಂಜಿನ್ ಕೊಳ್ಳುವವರೇ, "ಗೇರ್ ಹೊಸದು" ಎಂಬ ಮಾತನ್ನು ನಂಬಿ ಹಣ ಕೊಡಬೇಡಿ

ಮಾದರಿ ರೈಲಿನ ಹಳೆಯ ಎಂಜಿನ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಮಾರಿದವನ ಹೆಸರು ಬರೆಯುವುದಿಲ್ಲ. ಆದರೆ ಅವನಾಡಿದ ಮಾತುಗಳನ್ನು ಬರೆಯುತ್ತೇನೆ. ಇಂಥ ಮಾತು ಕಿವಿಗೆ ಬಿದ್ದ ಕೂಡಲೇ ನೀವು ವ್ಯವಹಾರ ಬಿಟ್ಟು ಎದ್ದು ಬರಬೇಕು.

ಮಾದರಿ ರೈಲುಗಳಲ್ಲಿ ಎಚ್‌ಒ ಎನ್ನುವ ಅಳತೆಯದು, ಡೀಸೆಲ್ ಎಂಜಿನ್‌ನ ರೂಪದ್ದು, ಓಡುವುದು ಕರೆಂಟಿನಲ್ಲಿ. ನಿಜವಾದ ಎಂಜಿನ್‌ನ 87ರಲ್ಲಿ ಒಂದು ಪಾಲಿನ ಅಳತೆ, ಎರಡು ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಬಣ್ಣ ಚೆನ್ನಾಗಿತ್ತು, ದೀಪ ಉರಿಯುತ್ತಿತ್ತು. "ಸರ್ವೀಸ್ ಮಾಡಿಟ್ಟಿದ್ದೇನೆ, ನೀವು ಕೈ ಹಾಕುವುದೇ ಬೇಡ, ಹಳಿಗೆ ಇಟ್ಟರೆ ಸಾಕು" ಎಂದ. ವಿಡಿಯೋವನ್ನೂ ಕಳಿಸಿದ. ಅದರಲ್ಲಿ ಎಂಜಿನ್ ಅಂಗಾತ ಮಲಗಿತ್ತು, ಚಕ್ರಗಳು ಗಿರಗಿರನೆ ತಿರುಗುತ್ತಿದ್ದವು. ಭಾರವೇ ಇಲ್ಲದೆ ಗಾಳಿಯಲ್ಲಿ ತಿರುಗುವ ಚಕ್ರ ಏನನ್ನೂ ಹೇಳುವುದಿಲ್ಲ. ಗೇರ್ ಸೀಳಿದ್ದರೂ ಅದು ತಿರುಗುತ್ತದೆ. ಅವನಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಹಾಗೆ ತೆಗೆದಿದ್ದ.

ತಂದು ಓಡಿಸಿದಾಗ ಒಂಟಿ ಎಂಜಿನ್ ಹೇಗೋ ಹೋಯಿತು, ಆದರೆ ಚಕ್ರದ ಒಂದೊಂದು ಸುತ್ತಿಗೂ ಟಿಕ್ ಎಂಬ ಸದ್ದು. ಹಿಂದೆ ನಾಲ್ಕು ಬೋಗಿ ಜೋಡಿಸಿದ್ದೇ ತಡ, ಒಳಗೆ ಮೋಟಾರ್ ಕಿರುಚುತ್ತಿದೆ, ಹಳಿಯ ಮೇಲೆ ಚಕ್ರ ನಿಂತೇ ಬಿಟ್ಟಿದೆ! ಹೊಸ ಎಂಜಿನ್ ನೋಡಲು ಗೆಳೆಯರನ್ನು ಕರೆದಿದ್ದೆ. ಅವರೆದುರು ನಿಂತು ಅದನ್ನು ಬೆರಳಿನಿಂದ ತಳ್ಳಬೇಕಾಗಿ ಬಂದಾಗ ಆದ ಅವಮಾನ ಈಗಲೂ ಆರಿಲ್ಲ.

ಕೇಳಿದ್ದಕ್ಕೆ ಅವನ ಮೊದಲ ಉತ್ತರ: "ಹಳಿ ಕೊಳೆಯಾಗಿರಬೇಕು, ಒರೆಸಿ ನೋಡಿ." ಹಳಿ ಕೊಳೆಯಾದರೆ ಕರೆಂಟ್ ಸರಿಯಾಗಿ ಸಿಗದೆ ದೀಪ ಮಿಣುಕುತ್ತದೆ, ಮೋಟಾರ್ ತಡವರಿಸುತ್ತದೆ. ಇಲ್ಲಿ ಮೋಟಾರ್ ಜೋರಾಗಿಯೇ ತಿರುಗುತ್ತಿದೆ, ಶಕ್ತಿ ಚಕ್ರಕ್ಕೆ ಮುಟ್ಟುತ್ತಿಲ್ಲ. ಇದನ್ನು ಬಿಡಿಸಿ ಬರೆದೆ. "ನೀವು ಭಾರ ಜಾಸ್ತಿ ಎಳೆಸಿದ್ದೀರಿ" ಎಂದ. ನಾಲ್ಕು ಬೋಗಿ ಎಳೆಯಲಾಗದ್ದು ಎಂಜಿನ್ ಹೇಗಾಗುತ್ತದೆ?

ಕೆಳಗಿನ ಮುಚ್ಚಳ ತೆಗೆದು ನೋಡಿದೆ. ಈ ಬಗೆಯ ಎಂಜಿನ್‌ನಲ್ಲಿ ಎರಡು ಕಡೆಯ ಚಕ್ರಗಳ ಗಿಡ್ಡ ಆಕ್ಸಲ್‌ಗಳನ್ನು, ಅಂದರೆ ಅಚ್ಚುಗಳನ್ನು, ನಡುವಿನ ಪ್ಲಾಸ್ಟಿಕ್ ಗೇರ್‌ನ ಕೊಳವೆಯೊಳಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ವರ್ಷಗಟ್ಟಲೆ ಆ ಬಿಗಿತ ತಡೆದು ತಡೆದು ಪ್ಲಾಸ್ಟಿಕ್ ಒಂದು ದಿನ ಉದ್ದಕ್ಕೆ ಸೀಳುತ್ತದೆ. ಸೀಳಿದ ಕಡೆ ಹಲ್ಲುಗಳ ನಡುವಿನ ಸಂದು ಅಗಲವಾಗುತ್ತದೆ, ಟಿಕ್ ಸದ್ದು ಅದರದ್ದೇ. ಹಿಡಿತ ಸಡಿಲವಾಗಿ ಗೇರ್ ತಾನೊಂದೇ ತಿರುಗುತ್ತದೆ, ಆಕ್ಸಲ್ ತಿರುಗುವುದಿಲ್ಲ. ಖಚಿತ ಮಾಡಿಕೊಳ್ಳಲು ಗೇರ್‌ನ ಕೊಳವೆಗೂ ಆಕ್ಸಲ್‌ಗೂ ಸೇರಿಸಿ ಸೂಜಿಯಿಂದ ಒಂದು ನೇರ ಗೆರೆ ಗೀಚಿದೆ. ಬೋಗಿ ಕಟ್ಟಿ ಓಡಿಸಿ ತೆಗೆದು ನೋಡಿದರೆ ಗೆರೆಯ ಎರಡು ತುಂಡು ಎರಡು ದಿಕ್ಕಿನಲ್ಲಿದ್ದವು.

ಫೋಟೋ ಕಳಿಸಿದ ಮೇಲೆ ಅವನ ದನಿ ಬದಲಾಯಿತು. "ಕಳಿಸಿ ಕೊಡಿ, ನಾಲ್ಕೂ ಗೇರ್ ಹೊಸದು ಹಾಕಿಕೊಡುತ್ತೇನೆ" ಎಂದ. ಅದಕ್ಕೆ ಬೇರೆ ಹಣ, ಕಳಿಸುವ ಖರ್ಚೂ ನನ್ನದೇ. ಕೊಟ್ಟೆ. ವಾರಗಟ್ಟಲೆ ಸುದ್ದಿಯಿಲ್ಲ. ಕೊನೆಗೆ "ಎಲ್ಲ ಹೊಸದು ಹಾಕಿದ್ದೇನೆ, ಇನ್ನು ಚಿಂತೆ ಇಲ್ಲ" ಎಂಬ ಚೀಟಿಯೊಡನೆ ಎಂಜಿನ್ ವಾಪಸ್ ಬಂತು.

ಸ್ವಲ್ಪ ಹೊತ್ತು ಓಡಿತು. ಆಮೇಲೆ ಅದೇ ಟಿಕ್, ಮೊದಲಿಗಿಂತ ಜೋರಾಗಿ. ಈಗ ಹಳಿ ಕವಲೊಡೆಯುವ ಕಡೆಯೆಲ್ಲ ಚಕ್ರ ಕೆಳಗೆ ಇಳಿಯತೊಡಗಿತು. ಮುಚ್ಚಳ ತೆಗೆದರೆ ಒಳಗೆ ಗೇರ್ ಕಾಣದಷ್ಟು ಬಿಳಿ ಗ್ರೀಸ್ ಮೆತ್ತಿದ್ದ. ಹತ್ತಿಯ ಕಡ್ಡಿಯಿಂದ ಒರೆಸುತ್ತಾ ಬಂದೆ. ಗ್ರೀಸ್ ಕೆಳಗೆ ನನ್ನ ಸೂಜಿಯ ಗೆರೆ! ನಾನು ಗೀಚಿದ ಗೆರೆ, ಅದೇ ಗೇರ್‌ನ ಮೇಲೆ! ಅದರ ಪಕ್ಕದ ಸೀಳಿನಲ್ಲಿ ಸೂಪರ್ ಗ್ಲೂ ಒಣಗಿ ಉಬ್ಬಿ ನಿಂತಿತ್ತು, ಹಲ್ಲಿನ ಬುಡದವರೆಗೂ ತುಂಬಿತ್ತು. ಅದೇ ಹಳೆಯ ಗೇರ್. ಹೊಸ ಗೇರ್‌ಗೆಂದು ನನ್ನಿಂದ ಹಣ ಪಡೆದು, ಅಂಟು ಸುರಿದು, ಕಾಣದಿರಲೆಂದು ಗ್ರೀಸ್ ಬಳಿದಿದ್ದ. ಕೈ ನಡುಗುತ್ತಿತ್ತು, ಸ್ಕ್ರೂ ಹಿಡಿಯಲೂ ಆಗಲಿಲ್ಲ.

ಅಸಿಟಲ್, ನೈಲಾನ್‌ನಂಥ ನುಣುಪು ಪ್ಲಾಸ್ಟಿಕ್‌ನಲ್ಲಿ ಆ ಅಂಟು ಭಾರ ತಡೆದು ನಿಲ್ಲುವುದಿಲ್ಲ. ರಿಪೇರಿ ಮಾಡುವವನಿಗೆ ಇದು ತಿಳಿಯದ ವಿಷಯವಲ್ಲ. ಚಕ್ರಗಳ ನಡುವಿನ ಅಂತರವನ್ನೂ ಅಳೆಯದೆ ಒತ್ತಿ ಮುಚ್ಚಿದ್ದ, ಕವಲುಗಳಲ್ಲಿ ಚಕ್ರ ಹಳಿಯಿಂದ ಇಳಿಯುತ್ತಿದ್ದದ್ದು ಅದಕ್ಕೇ.

ಗೆರೆಯ ಫೋಟೋ ಕಳಿಸಿದೆ. ಅವನ ಉತ್ತರ: "ಹೊಸ ಗೇರ್‌ನಲ್ಲೂ ಗೀರು ಇರುತ್ತದೆ." ಅಂಟಿನ ಫೋಟೋ ಕಳಿಸಿದೆ. "ಅದು ಗ್ರೀಸ್" ಎಂದ. ಹಣ ವಾಪಸ್ ಕೇಳಿದೆ. "ಹಳೆಯ ಮಾಲು ಅಂದ ಮೇಲೆ ಇದೆಲ್ಲ ಇದ್ದದ್ದೇ. ಮುಚ್ಚಳ ಬಿಚ್ಚಿದವರು ನೀವು, ಇನ್ನು ನನ್ನ ಜವಾಬ್ದಾರಿ ಇಲ್ಲ" ಎಂದ. ಬಿಚ್ಚದಿದ್ದರೆ ಅವನ ಕಳ್ಳತನ ಹೊರಗೆ ಬರುವುದಾದರೂ ಹೇಗಿತ್ತು? ಆಮೇಲೆ ಉತ್ತರವೇ ಇಲ್ಲ.

ಕೊನೆಗೆ ಗೇರ್ ತರಿಸಿ ನಾನೇ ಹಾಕಿದೆ. ಹಿಂದೆ ಮುಂದೆ ತಿರುಚುತ್ತಾ ಚಕ್ರ ಎಳೆದು, ಹೊಸ ಗೇರ್‌ಗೆ ಓರೆಯಾಗದಂತೆ ಒತ್ತಿ, ಗೇಜ್ ಎಂಬ ಅಳತೆಪಟ್ಟಿ ಇಟ್ಟು ಚಕ್ರಗಳ ಅಂತರ ಸರಿ ಮಾಡುವುದು, ಇಷ್ಟೇ ಕೆಲಸ. ಇಷ್ಟು ಮಾಡಲು ಅವನಿಗೆ ಮನಸ್ಸಿರಲಿಲ್ಲ. ಈಗ ಬೋಗಿಗಳನ್ನು ಎಳೆಯುತ್ತಿದೆ, ಸದ್ದೂ ಇಲ್ಲ.

ನೀವು ಕೊಳ್ಳುವಾಗ ಅಂಗಾತ ಮಲಗಿಸಿದ ಎಂಜಿನ್‌ನ ವಿಡಿಯೋ ಒಪ್ಪಲೇಬೇಡಿ. ಹಳಿಯ ಮೇಲೆ ಬೋಗಿ ಎಳೆಯುವ ವಿಡಿಯೋ ಕೇಳಿ, ನಿಧಾನದ ವೇಗದಲ್ಲಿ, ಸದ್ದು ಕೇಳುವಂತೆ. ಗ್ರೀಸ್ ಒರೆಸಿದ ಗೇರ್‌ನ ಫೋಟೋವನ್ನು ಹತ್ತಿರದಿಂದ ತೆಗೆಸಿ. ರಿಪೇರಿಗೆ ಕೊಟ್ಟರೆ ತೆಗೆದ ಹಳೆಯ ಗೇರ್‌ಗಳನ್ನು ವಾಪಸ್ ಕೊಡಲೇಬೇಕೆಂದು ಮೊದಲೇ ಹೇಳಿ, ಕಳಿಸುವ ಮುನ್ನ ಸೂಜಿಯಿಂದ ಗುರುತು ಹಾಕಿ. "ನನ್ನ ಮೇಲೆ ನಂಬಿಕೆ ಇಲ್ಲವೇ" ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದೇ ಹೇಳಿ.